ಅರ್ಧ ಮೀಟರಿಗಿಂತ ಎತ್ತರ

ಕೋರಲಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ‘ನೋಲಾಗೆ ನಿಯಮ ಅಂದರೆ ಪ್ರಾಣ, ಅದಕ್ಕೇ ಹಾಗೆ ಮಾಡಿದಳು’ ಅನ್ನುತ್ತಾರೆ. ಒಳ್ಳೆಯ ಜನ, ನನ್ನ ಮರ್ಯಾದೆ ಉಳಿಸಲು ನೋಡುತ್ತಾರೆ. ನಿಯಮವೂ ಇಲ್ಲ, ಮಣ್ಣೂ ಇಲ್ಲ. ಎಪ್ಪತ್ತೆರಡನೇ ವಯಸ್ಸಿನಲ್ಲಿ ನನಗೆ ಹದಿನಾರರ ಹುಡುಗಿಯ ಹೊಟ್ಟೆಕಿಚ್ಚು ಬಂದಿತ್ತು. ಅದೇ ನನ್ನ ಕೈ ಹಿಡಿದು ಬರೆಸಿತು.

ಕುರ್ರಾಬೀ ಹೆಸರಿಗೆ ನಗರ. ಹೆದ್ದಾರಿಯ ಬೋರ್ಡಿನಲ್ಲಿ ಹಾಗೆ ಬರೆದಿದೆ, ಎರಡು ಸಿಗ್ನಲ್ ದೀಪಗಳಿವೆ, ಊರಿನ ಆಡಳಿತಕ್ಕೆ ಒಂದು ಕೌನ್ಸಿಲ್ ಇದೆ. ಆ ಕೌನ್ಸಿಲ್ಲಿಗೆ ಹದಿನಾರು ವರ್ಷದಿಂದ ಕಾಗದ ಬರೆಯುತ್ತಿರುವವಳು ನಾನು. ಬಡಾವಣೆ ಅಭಿವೃದ್ಧಿ ಸಂಘದ ಕಾರ್ಯದರ್ಶಿ. ಶಾಲೆ ಮುಂದೆ ಮಕ್ಕಳು ರಸ್ತೆ ದಾಟುವ ಬಿಳಿ ಪಟ್ಟೆ ನನ್ನ ಕಾಗದದಿಂದ ಬಂದದ್ದು. ಬಸ್‌ಸ್ಟಾಪಿನ ಬೆಂಚು ನನ್ನ ಕಾಗದದಿಂದ ಬಂದದ್ದು. ಮಂಗಳವಾರ, ಗುರುವಾರ ಕಾರಿನ ಹಿಂದೆ ಬಿಸಿಯೂಟದ ಡಬ್ಬಿಗಳನ್ನಿಟ್ಟುಕೊಂಡು ಒಂಟಿ ಮುದುಕರ ಮನೆಗಳಿಗೆ ತಲುಪಿಸುತ್ತೇನೆ. ಅವರಲ್ಲಿ ಅರ್ಧ ಜನ ನನಗಿಂತ ಚಿಕ್ಕವರು.

ನನ್ನ ಗಂಡ ಬರ್ನಿ ಬಡಗಿ. ಈ ಊರಿನಲ್ಲಿ ನಲವತ್ತು ವರ್ಷ ಮನೆ ಕಟ್ಟಿದ. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಧಾನವಾಯಿತು. ಗರಗಸ, ಉಳಿಗಳನ್ನು ಮುಟ್ಟಿ ಇನ್ನೊಂದು ಅನಾಹುತ ಮಾಡಿಕೊಂಡಾನು ಎಂದು ಹೆದರಿ ನಾನೇ ಅವನ ಸಾಮಾನನ್ನೆಲ್ಲ, ನಿವೃತ್ತ ಗಂಡಸರು ಸೇರಿ ಕುರ್ಚಿ ರಿಪೇರಿ ಮಾಡುವ ಶೆಡ್ಡಿಗೆ ಕೊಟ್ಟುಬಿಟ್ಟೆ. ಅವನು ಬೇಡ ಅನ್ನಲಿಲ್ಲ. ಆಮೇಲೆ ವರಾಂಡದಲ್ಲಿ ಕೂರತೊಡಗಿದ. ಏನು ಕೇಳಿದರೂ ‘ಹೂಂ’, ಇಲ್ಲವಾದರೆ ‘ಉಹೂಂ’. ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ, ತಟ್ಟೆಯ ಮಾಂಸ ನಾನು ಕತ್ತರಿಸಿ ಕೊಡುತ್ತಿದ್ದೆ. ದಾಂಪತ್ಯ ಅಂದರೆ ಇನ್ನು ಇಷ್ಟೇ ಎಂದು ಒಪ್ಪಿಕೊಂಡಿದ್ದೆ.

ಆಗ ಎದುರುಮನೆಗೆ ಕೋರಲಿ ಬಂದಳು. ಟಾಸ್ಮೇನಿಯಾದವಳು, ಅರವತ್ತರ ಆಸುಪಾಸಿನ ವಿಧವೆ, ತಲೆಗೊಂದು ಗಂಡಸರ ಟೊಪ್ಪಿ, ಬಾಯಿ ತೆರೆದರೆ ಮುಚ್ಚುವುದಿಲ್ಲ. ಬಂದ ತಿಂಗಳಲ್ಲೇ ತನ್ನ ಮನೆ ಮುಂದಿನ ಹುಲ್ಲುಪಟ್ಟಿಯನ್ನು ಅಗೆದುಹಾಕಿದಳು.

ರಸ್ತೆಗೂ ಕಾಲುದಾರಿಗೂ ನಡುವಿನ ಈ ಹುಲ್ಲುಪಟ್ಟಿಯ ವಿಷಯ ನಮ್ಮಲ್ಲಿ ಸಣ್ಣದಲ್ಲ. ನೆಲ ಕೌನ್ಸಿಲ್ಲಿನದು, ಹುಲ್ಲು ಕತ್ತರಿಸುವ ಕೆಲಸ ನಮ್ಮದು. ಪಕ್ಕದವರ ಗಡಿ ದಾಟಿ ಮೋವರನ್ನು ಒಂದು ಸಾಲು ಹೆಚ್ಚಿಗೆ ಓಡಿಸಿದರೆ ಅದು ಸ್ನೇಹ. ಗಡಿಗೆ ಸರಿಯಾಗಿ ನಿಲ್ಲಿಸಿದರೆ ಏನೋ ಮನಸ್ತಾಪ ಇದೆ ಅಂತ ಅರ್ಥ. ಅದನ್ನು ಅಗೆದು ಅಲ್ಲಿ ಸೊಪ್ಪು ಬಿತ್ತಿದವರು ನಮ್ಮ ಬೀದಿಯಲ್ಲಿ ಅವಳೇ ಮೊದಲು. ನಾನು ಹೋಗಿ ಕೇಳಿದೆ.

“ಕೌನ್ಸಿಲ್ ಅನುಮತಿ ತಗೊಂಡಿದೀಯಾ?”

“ಕೇಳಿದ್ರೆ ತಾನೇ ಅವರು ಇಲ್ಲ ಅನ್ನೋದು?” ಎಂದು ನಕ್ಕಳು. “ತಗೋ ಮಾರಾಯ್ತಿ, ಒಂದು ಕಟ್ಟು ಸೊಪ್ಪು. ಅನುಮತಿ ಇಲ್ದೇನೂ ರುಚಿಯಾಗೇ ಇರುತ್ತೆ.”

ಬೀದಿಗೆ ಬೀದಿಯೇ ಅವಳ ಹುಲ್ಲುಪಟ್ಟಿಯ ಸುತ್ತ ಸೇರತೊಡಗಿತು. ಯಾರು ಬೇಕಾದರೂ ಕಿತ್ತುಕೊಂಡು ಹೋಗಬಹುದು ಎಂದು ಒಂದು ಹಲಗೆ ಬರೆದು ನೆಟ್ಟಿದ್ದಳು. ಊರಿನ ಪತ್ರಿಕೆಯಲ್ಲಿ ಅವಳ ಫೋಟೊ ಬಂತು, ಕೈಯಲ್ಲಿ ಕುಂಬಳಕಾಯಿ, ತಲೆಯ ಮೇಲೆ ಅದೇ ಟೊಪ್ಪಿ. ಬಿಳಿ ಪಟ್ಟೆಗಾಗಿ ನಾನು ಎಂಟು ಕಾಗದ ಬರೆದೆ, ನನ್ನ ಫೋಟೊ ಯಾರು ಹಾಕಿದರು? ಆದರೂ ಅದನ್ನೆಲ್ಲ ನುಂಗಿಕೊಂಡಿದ್ದೆ. ಸೇವೆ ಮಾಡುವವರಿಗೆ ನುಂಗುವ ಅಭ್ಯಾಸ ಇರುತ್ತದೆ.

ನುಂಗಲಾಗದ್ದು ನಡೆದದ್ದು ಒಂದು ಗುರುವಾರ. ಊಟದ ಪಟ್ಟಿಯಲ್ಲಿದ್ದ ಇಬ್ಬರು ಆಸ್ಪತ್ರೆ ಸೇರಿದ್ದರಿಂದ ನಾನು ಬೇಗ ಬಂದೆ. ಕಾರಿನ ಬಾಗಿಲು ತೆಗೆದರೆ ಎದುರುಮನೆಯ ಹಿತ್ತಲಿನಿಂದ ಒಬ್ಬ ಗಂಡಸಿನ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ನನಗೆ ಆ ನಗು ಗೊತ್ತು. ನಾನು ಅದಕ್ಕೇ ಮರುಳಾಗಿ ಅವನನ್ನು ಮದುವೆಯಾದದ್ದು.

ಮೂರು ವರ್ಷ. ಮೂರು ವರ್ಷದಲ್ಲಿ ನನಗೆ ಅದರ ಒಂದು ಚೂರೂ ಸಿಕ್ಕಿರಲಿಲ್ಲ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು, ಕೋಲೂರಿ ರಸ್ತೆ ದಾಟಿ, ಹೋಗಿ ಅವಳಿಗೆ ಕೊಡುತ್ತಿದ್ದಾನೆ! ಕಾರಿನ ಪಕ್ಕದಲ್ಲಿ ನಿಂತಿದ್ದ ಹಾಗೇ ನನ್ನ ಮೈಯೆಲ್ಲ ಉರಿಯಿತು.

ಸಂಜೆ ಊಟಕ್ಕೆ ಕೂತಾಗ ಕೇಳಿದೆ. “ಏನಷ್ಟು ನಗು ಅಲ್ಲಿ?”

“ಬಸವನಹುಳು,” ಎಂದ ಬರ್ನಿ. ಸ್ವಲ್ಪ ಹೊತ್ತು ಮಾತು ಹುಡುಕಿದ. “ಸೊಪ್ಪಲ್ಲಿತ್ತು. ಕೋರಲಿ ಅದಕ್ಕೆ... ಬರ್ನಿ ಅಂತ ಹೆಸರಿಟ್ಲು. ನಿಧಾನ ಅಂತ.”

“ನಿನ್ನ ಕಾಯಿಲೆ ಅವಳಿಗೆ ತಮಾಷೆನಾ?”

“ಹೂಂ,” ಎಂದು ಮತ್ತೆ ನಕ್ಕ. ಅದೂ ಅವಳ ನೆನಪಿಗೆ ನಕ್ಕದ್ದು.

ಅಂದಿನಿಂದ ನನಗೆ ಮಂಗಳವಾರ, ಗುರುವಾರ ಎಂದರೆ ಶಿಕ್ಷೆ. ಯಾರದೋ ಮನೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದರೂ ಮನಸ್ಸು ಎದುರುಮನೆಯ ಹಿತ್ತಲಲ್ಲಿ. ಈಗ ಏನು ಮಾಡುತ್ತಿರಬಹುದು? ಅವಳು ಅವನ ಗುಂಡಿ ಹಾಕುತ್ತಾಳಾ? ಎಪ್ಪತ್ತಾರು ವರ್ಷದ ಮುದುಕ, ಒಂದು ಕೈ ಬಾರದವನು, ಅವನನ್ನು ಯಾರು ಹಾರಿಸಿಕೊಂಡು ಹೋಗುತ್ತಾರೆ ಎಂದು ಬುದ್ಧಿ ಹೇಳುತ್ತಿತ್ತು. ಬುದ್ಧಿಯ ಮಾತು ಕೇಳುವವರು ಯಾರು? ಹೋಗಿ ನೋಡಬಹುದಿತ್ತು, ಇಪ್ಪತ್ತು ಹೆಜ್ಜೆ. ಸೊಕ್ಕು ಬಿಡಲಿಲ್ಲ.

ಐದಾರು ವಾರ ಕಳೆದು, ನವೆಂಬರಿನ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಅವಳ ಹುಲ್ಲುಪಟ್ಟಿಯಲ್ಲಿ ಬೀನ್ಸ್ ಬಳ್ಳಿ ಹಬ್ಬಿಸುವ ಮರದ ಚಪ್ಪರ ಎದ್ದು ನಿಂತಿತ್ತು. ಆಳೆತ್ತರಕ್ಕಿಂತ ಹೆಚ್ಚು. ಎಡಕ್ಕೆ ವಾಲಿತ್ತು, ಕುಡಿದವನು ಗೋಡೆಗೆ ಒರಗಿದ ಹಾಗೆ. ಹುಲ್ಲುಪಟ್ಟಿಯಲ್ಲಿ ಅರ್ಧ ಮೀಟರಿಗಿಂತ ಎತ್ತರದ್ದು ಏನೂ ಇರಕೂಡದು ಎಂದು ಕೌನ್ಸಿಲ್ಲಿನ ನಿಯಮ. ಎಷ್ಟನೇ ನಿಯಮ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

“ಚಪ್ಪರ... ನೋಡಿದ್ಯಾ?” ಎಂದ ಬರ್ನಿ, ಟೋಸ್ಟು ಕೈಯಲ್ಲಿ ಹಿಡಿದುಕೊಂಡು.

“ನೋಡದೆ ಏನು? ಇಡೀ ಊರಿಗೇ ಕಾಣುತ್ತೆ.”

ಅವನು ಕಾದ. ಇನ್ನೂ ಏನೋ ಹೇಳಲಿ ಎಂದು ಕಾಯುತ್ತಿದ್ದಾನೆ ಎಂದು ಗೊತ್ತಾಯಿತು. ಅವಳನ್ನು ಹೊಗಳಬೇಕೇನೋ ಎಂದುಕೊಂಡೆ.

“ಸೊಟ್ಟಗಿದೆ,” ಎಂದೆ.

“ಸ್ವಲ್ಪ,” ಎಂದು ಟೋಸ್ಟು ಕೆಳಗಿಟ್ಟ. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಜೋಡಿಸಿ ಹೇಳಿದ. “ನೋಲಾ, ಕೌನ್ಸಿಲ್ ಕೊಡುತ್ತಲ್ಲ, ವರ್ಷದ ಪ್ರಶಸ್ತಿ. ಊರ ಸೇವೆಗೆ. ಕೋರಲಿ ಹೆಸರು ಕಳಿಸೋಣ. ನೀನು ಬರಿ. ಚೆನ್ನಾಗಿ ಬರೀತೀಯ ನೀನು.”

ಮೂರು ವರ್ಷದಲ್ಲಿ ಅವನ ಬಾಯಿಂದ ಬಂದ ಅತಿ ಉದ್ದದ ಮಾತು. ಅದೂ ಅವಳಿಗಾಗಿ. ಹದಿನಾರು ವರ್ಷದಲ್ಲಿ ಆ ಪ್ರಶಸ್ತಿಗೆ ನನ್ನ ಹೆಸರು ಬರೆಯಬೇಕೆಂದು ಒಂದು ನರಪಿಳ್ಳೆಗೂ ತೋಚಿರಲಿಲ್ಲ, ಮನೆಯಲ್ಲೇ ಇರುವ ಇವನಿಗೂ. ನಾನು ಪಾತ್ರೆ ತೊಳೆಯುತ್ತಾ “ಆಯ್ತು, ಬರೀತೀನಿ” ಎಂದೆ. ಅವನ ಮುಖ ಅರಳಿತು. ಅದನ್ನು ನೋಡಿ ನನಗೆ ಇನ್ನಷ್ಟು ಕಿಚ್ಚು ಹತ್ತಿತು.

ಅರ್ಧ ಗಂಟೆಯಲ್ಲಿ ನಾನು ಕೌನ್ಸಿಲ್ ಕಚೇರಿಯಲ್ಲಿದ್ದೆ. ಅಲ್ಲಿ ಕೌಂಟರಿನ ಮೇಲೆ ಎರಡು ಬಗೆಯ ಅರ್ಜಿಗಳಿರುತ್ತವೆ. ನೀಲಿಯದು ದೂರಿಗೆ. ಅದರಲ್ಲಿ ಬರೆದವರ ಹೆಸರನ್ನು ಗುಟ್ಟಾಗಿಡುತ್ತಾರೆ, ಯಾಕೆಂದರೆ ನಮ್ಮಲ್ಲಿ ನೆರೆಯವರ ಮೇಲೆ ಚಾಡಿ ಹೇಳುವವರನ್ನು ಕಳ್ಳರಿಗಿಂತ ಕಡೆಯಾಗಿ ನೋಡುತ್ತಾರೆ. ಬಿಳಿಯದು, ಕೌನ್ಸಿಲ್ ಹೊಸ ನಿಯಮ ಮಾಡಲು ಹೊರಟಾಗ ಜನ ಅಭಿಪ್ರಾಯ ಬರೆಯುವುದಕ್ಕೆ. ಅದನ್ನು ಹೆಸರು ಸಮೇತ ಸಭೆಯ ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ. ಹೆಸರು ಹಾಕಲೇಬೇಕು, ಅಚ್ಚಾದ ಮೇಲೆ ವಾಪಸ್ ಕೊಡಬಾರದು ಎಂದು ಹತ್ತು ವರ್ಷದ ಹಿಂದೆ ಹಟ ಹಿಡಿದು ಮಾಡಿಸಿದವಳೂ ನಾನೇ. ಆ ತಿಂಗಳು ಹುಲ್ಲುಪಟ್ಟಿಯಲ್ಲಿ ತೋಟಕ್ಕೆ ಅವಕಾಶ ಕೊಡಬೇಕೆ ಎಂಬ ಕರಡು ನಿಯಮವೇ ಜನರ ಮುಂದಿತ್ತು.

ನಾನು ಬಂದದ್ದು ನೀಲಿ ಅರ್ಜಿಗೆ. ಆದರೆ ಹದಿನಾರು ವರ್ಷದಿಂದ ಬಿಳಿಯದನ್ನೇ ತೆಗೆದುಕೊಂಡ ಕೈ, ಸಿಟ್ಟಿನಲ್ಲಿ ಕಣ್ಣು ಕಾಣದೆ ಬಿಳಿಯದನ್ನೇ ಎಳೆದುಕೊಂಡಿತು. ನಿಂತುಕೊಂಡೇ ಬರೆದೆ. ಚಪ್ಪರದ ಎತ್ತರ ಬರೆದೆ, ನಿಯಮದ ಸಂಖ್ಯೆ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಿಚ್ಚು ಇನ್ನೂ ಆರಿರಲಿಲ್ಲ. ‘ಈ ಚಪ್ಪರ, ಹುಟ್ಟಿದಾಗಿನಿಂದ ಸುತ್ತಿಗೆ ಹಿಡಿದೇ ಇಲ್ಲದ ಕೈಯ ಕೆಲಸ. ನಾಚಿಕೆಯಿಲ್ಲದೆ ವಾಲಿಕೊಂಡು ನಿಂತಿದೆ. ನಾಳೆ ಯಾವುದಾದರೂ ಮಗುವಿನ ಮೇಲೆ ಬೀಳುತ್ತದೆ. ಇಂಥ ಕೈಗಳಿಗೆ ಸಾರ್ವಜನಿಕ ಜಾಗದಲ್ಲಿ ಏನನ್ನೂ ಕಟ್ಟಲು ಬಿಡಬಾರದು’ ಎಂದೂ ಬರೆದೆ. ಬರೆದಾಗ ತಣ್ಣಗೆ ನೀರು ಕುಡಿದ ಹಾಗಾಯಿತು. ಸುಳ್ಳೇಕೆ ಹೇಳಲಿ?

ಕೌಂಟರಿನ ಶೆರಿಲ್ ಅರ್ಜಿ ತೆಗೆದುಕೊಂಡಳು. “ಯಾವಾಗಿನ ಹಾಗೇನಾ ನೋಲಾ?”

“ಯಾವಾಗಿನ ಹಾಗೇ ಕಣಮ್ಮ,” ಎಂದೆ. ಗುಟ್ಟಾಗಿ ಇರುತ್ತದೆ ತಾನೇ ಎಂದು ಕೇಳಲೂ ಇಲ್ಲ. ನಿಯಮ ಗೊತ್ತಿರುವವಳು ನಾನು, ನನಗೇನು ಕೇಳುವುದು?

ಮುಂದಿನ ದಿನಗಳಲ್ಲಿ ಬರ್ನಿ ಎರಡು ಸಲ ಕೇಳಿದ. “ಬರೆದ್ಯಾ?” “ಬರೀತಿದೀನಿ,” ಎಂದೆ ಎರಡು ಸಲವೂ. ಪ್ರಶಸ್ತಿಗೆ ಹೆಸರು ಕಳಿಸುವ ಕೊನೆಯ ದಿನ ಒಂದು ಶುಕ್ರವಾರ. ಅಂದು ನಾನು ಇಡೀ ದಿನ ಕಿಟಕಿ ಗಾಜು ಒರೆಸಿದೆ.

ಸಭೆಯ ಪುಸ್ತಕ ಪ್ರತಿ ತಿಂಗಳೂ ಸಂಘದ ಕಾರ್ಯದರ್ಶಿಯಾದ ನನಗೆ ಅಂಚೆಯಲ್ಲಿ ಬರುತ್ತದೆ. ಅಂಚೆ ಡಬ್ಬಿಯವರೆಗೆ ನಡೆದು ಬರುವುದು ಬರ್ನಿಗೆ ಡಾಕ್ಟರು ಹೇಳಿದ ವ್ಯಾಯಾಮ. ಆ ಪುಸ್ತಕವನ್ನು ಅವನು ಎಂದೂ ಬಿಡಿಸಿದವನಲ್ಲ. ಅದಾದ ಮುಂದಿನ ಗುರುವಾರ ಬಿಡಿಸಿದ್ದ, ಕೋರಲಿಯ ತೋಟದ ವಿಷಯ ಇದೆಯಲ್ಲ ಎಂದು. ನಾನು ಊಟ ಹಂಚಿ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಅವನು ಎಡಗೈಯ ಬೆರಳನ್ನು ಸಾಲಿನ ಕೆಳಗಿಟ್ಟು ಓದುತ್ತಿದ್ದ. ಬೆರಳಿನ ಪಕ್ಕದಲ್ಲೇ ನನ್ನ ಹೆಸರು ದಪ್ಪಕ್ಷರದಲ್ಲಿತ್ತು.

“ಸುತ್ತಿಗೆ...” ಎಂದು ಓದಿದ. “ಹಿಡಿದೇ ಇಲ್ಲದ... ಕೈ.”

ನನಗೆ ಮೊದಲು ಹೊಳೆದದ್ದು ಅರ್ಜಿ ತಪ್ಪಾಯಿತು ಎಂಬುದಷ್ಟೇ. ಈಗ ಬೀದಿಯ ಮುಂದೆ ಹೇಗೆ ತಲೆಯೆತ್ತಲಿ ಎಂದು. ಆಮೇಲೆ ಅವನ ಮುಖ ನೋಡಿದೆ.

“ಬರ್ನಿ,” ಎಂದೆ. “ಆ ಚಪ್ಪರ... ಯಾರು ಕಟ್ಟಿದ್ದು?”

“ಅವಳು ಹಿಡ್ಕೊಂಡಿದ್ಲು,” ಎಂದ. “ಹೊಡೆದದ್ದು ನಾನು. ಅವಳ ಹಿತ್ತಲಲ್ಲಿ, ಎಡಗೈಲಿ. ಹತ್ತು ದಿನ ಹಿಡೀತು.”

ಹತ್ತು ದಿನ, ಐದು ಮಂಗಳವಾರ ಮತ್ತು ಐದು ಗುರುವಾರ. ನಾನು ಅಲ್ಲಿ ಏನೇನೋ ನಡೆಯುತ್ತಿದೆ ಎಂದು ಮೈ ಪರಚಿಕೊಂಡ ದಿನಗಳು.

“ಅವಳು ಕಟ್ಟಿದ್ದು ಅಂದುಕೊಂಡೆ ಕಣೋ! ನೀನು ಅಂತ ಗೊತ್ತಿದ್ದರೆ ಹಾಗೆ ಬರೀತಿದ್ನಾ? ನಿನ್ನ ಕೈ ನನಗೆ ಗೊತ್ತಿಲ್ವಾ?”

“ಗೊತ್ತಿಲ್ದೆ ಬರೆದದ್ದು,” ಎಂದು ಅವನು ತಲೆಯಾಡಿಸಿದ. “ಅದಕ್ಕೇ ನಿಜ.”

ಅವನಿಗೆ ಸಿಟ್ಟು ಬಂದಿರಲಿಲ್ಲ. ಬರ್ನಿಯ ಸಿಟ್ಟು ನಾನು ಕಂಡಿದ್ದೇನೆ, ಒಮ್ಮೆ ಕೀಸುಳಿಯನ್ನು ಗೋಡೆಗೆ ಎಸೆದಿದ್ದ. ಏನಾದರೂ ಎಸೆಯಲಿ ಎಂದು ಬೇಡಿಕೊಂಡೆ. ಅವನು ಪುಸ್ತಕ ಮುಚ್ಚಿ ಕೇಳಿದ. “ಪ್ರಶಸ್ತಿದು... ಬರೆದ್ಯಾ?” ನಾನು ಊಟದ ಖಾಲಿ ಡಬ್ಬಿಗಳನ್ನು ಸಿಂಕಿಗೆ ಹಾಕಿದೆ. ಅವನು “ಹೂಂ” ಎಂದು ಎದ್ದು, ಕೋಲು ತೆಗೆದುಕೊಂಡು ರಸ್ತೆ ದಾಟಿದ.

ಕಿಟಕಿಯಿಂದ ನೋಡಿದೆ. ಕೋರಲಿ ಕೈಬೀಸಿ ಏನೇನೋ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಕೊನೆಗೆ ಅವಳೇ ಮೊಳೆ ಕೀಳುವ ಸುತ್ತಿಗೆ ತಂದುಕೊಟ್ಟಳು. ಬಳ್ಳಿಗಳು ಮೊಣಕಾಲೆತ್ತರ ಹಬ್ಬಿದ್ದವು. ಒಂದೊಂದನ್ನೇ ಬಿಡಿಸಿ ಮಣ್ಣಿನ ಮೇಲೆ ಮಲಗಿಸಿದ. ಆಮೇಲೆ ಎಡಗೈಯಲ್ಲಿ ಮೊಳೆ ಕೀಳತೊಡಗಿದ. ಅವಳು ಸಹಾಯಕ್ಕೆ ಬಂದರೆ ಬೇಡ ಅಂದ. ಮಧ್ಯಾಹ್ನವೆಲ್ಲ ಹಿಡಿಯಿತು. ಹೋಗಿ ಅವನ ಕೈಹಿಡಿದು ನಿಲ್ಲಿಸಬೇಕಿತ್ತು. ಕಿಟಕಿ ಬಿಟ್ಟು ಕದಲಲಿಲ್ಲ.

ಮಾರನೆಯ ದಿನ ಶೆರಿಲ್ಲಳ ಮುಂದೆ ನಿಂತೆ. ನನ್ನ ಕಾಗದ ವಾಪಸ್ ಬೇಕು ಎಂದೆ.

“ಅಚ್ಚಾದ್ಮೇಲೆ ವಾಪಸ್ ಇಲ್ಲ ನೋಲಾ. ಆ ನಿಯಮ ನೀವೇ ಮಾಡ್ಸಿದ್ದಲ್ವಾ?” ಎಂದಳು. ಚುಚ್ಚಿದ್ದಲ್ಲ, ಪಾಪ, ನಿಜವಾಗಿಯೂ ನನ್ನನ್ನು ಕೇಳಿದ್ದು. “ಬೇಕಾದ್ರೆ ಸಭೇಲಿ ಮಾತಾಡಿ. ಮೂರು ನಿಮಿಷ ಕೊಡ್ತಾರೆ.”

ಮಂಗಳವಾರ ಸಂಜೆ ಆರಕ್ಕೆ ಸಭೆ. ನಮ್ಮ ಬೀದಿಯ ಅರ್ಧ ಜನ ಬಂದಿದ್ದರು. ಕೋರಲಿ ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿದ್ದಳು. ಬರ್ನಿ ಬರಲಿಲ್ಲ. ನಾನು ಎದ್ದು ನಿಂತು ಹೇಳಿದೆ.

“ನಲವತ್ತೊಂದನೇ ಪುಟದಲ್ಲಿರೋದು ನನ್ನ ಕಾಗದ. ಅದರಲ್ಲಿ ನಿಯಮದ ಬಗ್ಗೆ ಬರೆದಿರೋದೆಲ್ಲ ಸರಿ. ಕೈ ಬಗ್ಗೆ ಬರೆದಿರೋದೆಲ್ಲ ಸುಳ್ಳು. ಆ ಚಪ್ಪರ ಕಟ್ಟಿದ್ದು ನನ್ನ ಗಂಡ. ನೀವು ಕೂತಿದೀರಲ್ಲ, ಈ ಕಟ್ಟಡದ ಬಾಗಿಲು ಕಿಟಕಿ ಇಟ್ಟದ್ದೂ ಅವನೇ. ನಾನು ಅದನ್ನ ಊರಿನ ಒಳ್ಳೇದಕ್ಕೆ ಬರೀಲಿಲ್ಲ. ನನ್ನ ಗಂಡ ಎದುರುಮನೇಲಿ ನಕ್ಕ, ನನ್ನ ಮನೇಲಿ ನಗಲಿಲ್ಲ. ಆ ಹೊಟ್ಟೆಕಿಚ್ಚಿಗೆ ಬರೆದೆ.”

ಮೇಯರ್ ಗಡಿಯಾರ ನೋಡಿ, “ನಿಮಗಿನ್ನೂ ಎರಡು ನಿಮಿಷ ಇದೆ” ಎಂದರು. ಬೇಡ ಎಂದು ತಲೆಯಾಡಿಸಿ ಕೂತೆ.

ಕೌನ್ಸಿಲ್ ಕರಡು ನಿಯಮವನ್ನು ಒಪ್ಪಿತು. ಹುಲ್ಲುಪಟ್ಟಿಯಲ್ಲಿ ತೋಟ ಮಾಡಬಹುದು, ರಸ್ತೆ ತಿರುವಿನಿಂದ ದೂರವಿದ್ದರೆ ಎರಡು ಮೀಟರ್ ಎತ್ತರದ ಚಪ್ಪರವನ್ನೂ ಹಾಕಬಹುದು. ಜನ ಚಪ್ಪಾಳೆ ತಟ್ಟಿದರು. ಮೆಟ್ಟಿಲ ಮೇಲೆ ಕೋರಲಿ ನನ್ನನ್ನು ತಡೆದಳು. ಅವಳ ಮುಖದಲ್ಲಿ ಯಾವಾಗಿನ ನಗು ಇರಲಿಲ್ಲ.

“ನನ್ನ ಮೇಲೆ ಚಾಡಿ ಹೇಳಿದ್ದಕ್ಕೆ ನನಗೇನೂ ಇಲ್ಲ ಕಣೇ. ಸೊಪ್ಪು ಬೆಳೆಯೋರಿಗೆ ಹುಳ ಹೊಸದಲ್ಲ,” ಎಂದಳು. “ಆದ್ರೆ ಒಂದು ಕೇಳ್ತೀನಿ. ಚಪ್ಪರ ಯಾಕಷ್ಟು ಎತ್ತರ ಇತ್ತು ಅಂತ ಅವನನ್ನ ಕೇಳಿದ್ಯಾ?”

“ಇಲ್ಲ.”

“ಬೀನ್ಸಿಗೆ ಅಷ್ಟು ಬೇಡ ಅಂತ ನಾನು ಬಡ್ಕೊಂಡೆ. ಕೇಳ್ಲಿಲ್ಲ. ನೋಲಾ ಅಡುಗೆಮನೆ ಕಿಟಕೀಲಿ ನಿಂತ್ರೆ ಕಾಣಬೇಕು, ಅಷ್ಟೆತ್ತರ ಬೇಕು ಅಂದ. ಹತ್ತು ದಿನ ಅದೇ ಮಾತು. ನೋಲಾ ನೋಡ್ಲಿ, ನೋಲಾ ನೋಡ್ಲಿ. ನನಗೆ ಕೇಳಿ ಕೇಳಿ ಹೊಟ್ಟೆ ಉರೀತಿತ್ತು. ನನ್ನ ಗಂಡ ಬದುಕಿದ್ದಾಗ್ಲೂ ನನಗೆ ಅಂತ ಒಂದು ಮೊಳೆ ಹೊಡೆದವನಲ್ಲ.”

ಅವಳು ಟೊಪ್ಪಿ ಹಾಕಿಕೊಂಡು ಹೋದಳು.

ಮನೆಗೆ ಬಂದರೆ ಬರ್ನಿ ವರಾಂಡದಲ್ಲಿದ್ದ. ಅವನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಸಭೆಯಲ್ಲಿ ಏನಂದೆ ಎಂಬುದನ್ನೂ, ಕೌನ್ಸಿಲ್ ಒಪ್ಪಿತು ಎಂಬುದನ್ನೂ. “ಮತ್ತೆ ಕಟ್ಟು ಬರ್ನಿ. ಈ ಸಲ ನಾನು ಹಿಡ್ಕೊಳ್ತೀನಿ. ನಾಳೆನೇ ಶೆಡ್ಡಿಗೆ ಹೋಗಿ ನಿನ್ನ ಸಾಮಾನೆಲ್ಲ ವಾಪಸ್ ತರ್ತೀನಿ.”

ಅವನು ಸಾವಕಾಶವಾಗಿ ಕೇಳಿಸಿಕೊಂಡ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡ.

“ಬೇಡ ಕಣೇ,” ಎಂದ. “ಸೊಟ್ಟ ಆಗುತ್ತೆ.”

ಸಾಮಾನನ್ನು ತಂದೇ ತಂದೆ. ವರಾಂಡದ ಮೂಲೆಯಲ್ಲಿಟ್ಟಿದ್ದೇನೆ, ಅವನು ಮುಟ್ಟಿಲ್ಲ. ಕೋರಲಿಯ ಮನೆಗೆ ನಾನೇ ಹೋಗಿ, ಅವನನ್ನು ಕರಿ ಎಂದು ಬಾಯಿಬಿಟ್ಟು ಬೇಡಿಕೊಂಡೆ. ಅವಳು ಬಂದು ಕರೆದಳು, ಬಸವನಹುಳುವಿನ ಸುದ್ದಿಯನ್ನೂ ಎತ್ತಿದಳು. ಬರ್ನಿ ಅವಳಿಗೂ ಹೂಂ, ಉಹೂಂ ಎಂದಷ್ಟೇ ಹೇಳಿದ. ಬೀನ್ಸ್ ನೆಲದ ಮೇಲೆಯೇ ಹಬ್ಬಿ ಕೊಳೆಯಿತು. ಈಗ ಮಂಗಳವಾರ, ಗುರುವಾರ ನಾನು ಊಟ ಹಂಚಿ ಎಷ್ಟು ಬೇಗ ಬಂದರೂ, ಎಷ್ಟು ತಡವಾಗಿ ಬಂದರೂ ಅವನು ವರಾಂಡದಲ್ಲೇ ಇರುತ್ತಾನೆ. ಎಲ್ಲಿಗೂ ಹೋಗುವುದಿಲ್ಲ, ಯಾರ ಹತ್ತಿರವೂ ನಗುವುದಿಲ್ಲ. ಪೂರ್ತಿ ನನ್ನವನು.